ಮುದುಕಿಯ ಕಣ್ಣು

"ವಯೋಸಹಜ ಅಂತೆ ವಯೋಸಹಜ! ಯಾರಿಗೋ ವಯಸ್ಸಾಗಿರೋದು? ಮುದುಕಿಗಾ, ನಿನ್ನ ಬುದ್ಧಿಗಾ?"

"ಅತ್ತಿಗೆ, ಇದು ಆಫೀಸು. ಸ್ವಲ್ಪ ಮೆತ್ತಗೆ."

"ಓಹೋ, ಈಗ ಅತ್ತಿಗೆ! ಇಷ್ಟು ದಿನ ಮೇಡಂ ಆಗಿದ್ದೆ. ತಿಪ್ಪೆ ಸಾರಿಸೋ ಹೊತ್ತಿಗೆ ಮಾತ್ರ ಅತ್ತಿಗೆ ಬೇಕಾಯ್ತಾ? ಆ ಕಣ್ಣು ತಾನಾಗಿ ಹೋಗಿಲ್ಲ ಕಣೋ. ನೀನೂ ನಾನೂ ಸೇರ್ಕೊಂಡು ಚುಚ್ಚಿದ್ದು. ವರದಿಯಲ್ಲಿ ಹಾಗಂತ ಬರಿ. ಬರೆಯೋಕೆ ಕೈ ನಡುಗಿದ್ರೆ ಇಲ್ಲಿ ಕೊಡು, ನಾನು ಬರೀತೀನಿ."

ಮೈದುನ ಬಾಗಿಲ ಕಡೆ ನೋಡಿದ. ಬಾಗಿಲೇನೋ ಮುಚ್ಚಿತ್ತು. ಆದರೆ ಅತ್ತಿಗೆಯ ಗಂಟಲನ್ನು ತಡೆದು ನಿಲ್ಲಿಸುವಷ್ಟು ದಪ್ಪದ ಬಾಗಿಲನ್ನು ಇನ್ನೂ ಯಾವ ಬಡಗಿಯೂ ಮಾಡಿಲ್ಲ. ಆಚೆ ನಿಯಂತ್ರಣ ಕೋಣೆಯಲ್ಲಿ ಆಂಟೆನಾ ನೋಡಿಕೊಳ್ಳುವವನು ಚಹಾದ ಲೋಟ ಹಿಡಿದು, ಗೋಡೆಯ ಮೇಲಿನ ಪರದೆಯನ್ನು ಹಿಂದೆಂದೂ ಕಾಣದವನಂತೆ ದಿಟ್ಟಿಸುತ್ತಿದ್ದ. ಕಟ್ಟಡದ ಹಿಂದಿನ ದೊಡ್ಡ ಡಿಶ್ ಅವನ ಸುಪರ್ದಿಯಲ್ಲಿದ್ದುದರಿಂದ ಎಲ್ಲರೂ ಅವನನ್ನು ಛತ್ರಿ ಎಂದೇ ಕರೆಯುತ್ತಿದ್ದರು. ಗುಣಕ್ಕೂ ಆ ಹೆಸರು ಒಪ್ಪುತ್ತದೆ ಎಂದು ಅತ್ತಿಗೆ ಅವನ ಎದುರಿಗೇ ಹೇಳುತ್ತಿದ್ದಳು, ಅವನು ಹಲ್ಲು ಕಿರಿಯುತ್ತಿದ್ದ. ಇವತ್ತು ಕಿರಿಯಲಿಲ್ಲ.

ಮುದುಕಿ ಎನ್ನುತ್ತಿದ್ದದ್ದು ಒಂದು ಉಪಗ್ರಹವನ್ನು. ಭೂಮಿಯ ಗಾಳಿಯನ್ನು ಅಳೆಯಲು ಕಳಿಸಿದ್ದು. ಐದು ವರ್ಷ ಬಾಳಿದರೆ ಪುಣ್ಯ ಎಂದುಕೊಂಡು ಹಾರಿಸಿದ್ದರು, ಅದು ಹಾರಿಸಿದವರಲ್ಲಿ ಅರ್ಧ ಜನ ನಿವೃತ್ತರಾದರೂ ಸುತ್ತುತ್ತಲೇ ಇತ್ತು. ಬ್ಯಾಟರಿ ಬಡವಾಗಿತ್ತು. ಮೋಡದ ಎತ್ತರ ನೋಡುವ ಉಪಕರಣ ಎಂದೋ ಕೆಟ್ಟು ಕೂತಿತ್ತು. ಧೂಳು ಎಣಿಸುವ ಉಪಕರಣ ಮನಸ್ಸು ಬಂದರೆ ಎಣಿಸುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ನೆಟ್ಟಗೆ ದುಡಿಯುತ್ತಿದ್ದದ್ದು ಕಣ್ಣೊಂದೇ. ಭೂಮಿಯ ಅಂಚಿನಲ್ಲಿ ತೆಳ್ಳಗೆ ನೀಲಿಯಾಗಿ ಹೊಳೆಯುವ ಗಾಳಿಯ ಪದರವನ್ನು ಓರೆಯಿಂದ ನೋಡಿ, ಯಾವ ಎತ್ತರದಲ್ಲಿ ಓಜೋನ್ ಎಷ್ಟಿದೆ ಎಂದು ಅದು ಹೇಳುತ್ತಿತ್ತು. ಆ ಕೆಲಸಕ್ಕೆ ಮೇಲೆ ಬೇರೆ ಯಾರೂ ಇರಲಿಲ್ಲ. ಹೊಸ ಉಪಗ್ರಹ ಹಾರಬೇಕಿತ್ತು, ಆದರೆ ಅದು ಇನ್ನೂ ಕಾಗದದ ಮೇಲಿತ್ತು.

ಆ ಕಣ್ಣಿಗೊಂದು ರೆಪ್ಪೆ. ಸೂರ್ಯ ಎದುರಿಗಿರುವಾಗ ರೆಪ್ಪೆ ಮುಚ್ಚಿರಬೇಕು, ಸೂರ್ಯ ಪಕ್ಕಕ್ಕೆ ಸರಿದ ಮೇಲೆ ತೆರೆಯಬೇಕು. ಪ್ರತಿ ಸುತ್ತಿಗೂ ಇದೇ ಕಣ್ಣುಮುಚ್ಚಾಲೆ. ಮಾರನೆಯ ದಿನ ರೆಪ್ಪೆ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನೆಲ್ಲ ಹಿಂದಿನ ದಿನವೇ ನೆಲದಿಂದ ಹೇಳಿ ಕಳಿಸುವುದು ಅತ್ತಿಗೆಯ ಕೆಲಸ. ಮುದುಕಿಯ ಗಡಿಯಾರ ಹಿಂದೆ ಬೀಳುತ್ತಿದ್ದುದರಿಂದ, ಅವಳು ಪ್ರತಿ ಹೊತ್ತಿನಿಂದಲೂ ಒಂದಿಷ್ಟು ಸೆಕೆಂಡು ಕಳೆದೇ ಕಳಿಸುತ್ತಿದ್ದಳು. ಸಾರಿಗೆ ಉಪ್ಪು ಹಾಕುವಾಗ ಯಾರು ತೂಗಿ ಹಾಕುತ್ತಾರೆ? ಹಾಗೆ ಕೈಗೆ ಬಂದುಬಿಟ್ಟ ಕೆಲಸ ಅದು.

ಹೋದ ವಾರ ಮೈದುನ ಒಂದು ಒಳ್ಳೆಯ ಕೆಲಸ ಮಾಡಿದ. ಆ ಸೆಕೆಂಡುಗಳನ್ನು ನಿನ್ನೆಯಿಂದ ಕಂಪ್ಯೂಟರೇ ಕಳೆಯುವಂತೆ ಪ್ರೋಗ್ರಾಂ ತಿದ್ದಿದ. ಅವನು ಮುದುಕಿಯ ಇಡೀ ಯೋಜನೆಗೆ ಮುಖ್ಯಸ್ಥ, ತಿದ್ದುವ ಅಧಿಕಾರ ಅವನಿಗಿತ್ತು, ಬುದ್ಧಿಯೂ ಇತ್ತು. ಬಾಯಿ ಮಾತ್ರ ಇರಲಿಲ್ಲ. ಎರಡು ಮೇಜಿನಾಚೆ ಕೂತ ಅತ್ತಿಗೆಗೆ ಹೇಳದೆ ಎಲ್ಲರ ಜೊತೆ ಅವಳಿಗೂ ಒಂದು ಮೇಲ್ ಹಾಕಿ ಕೈ ತೊಳೆದುಕೊಂಡ. ಅತ್ತಿಗೆ ಆ ಮೇಲ್ ತೆರೆಯಲೇ ಇಲ್ಲ. ಅವನ ಹೆಸರು ಕಂಡರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಾರಣ ಕೇಳಿದರೆ ನಗು ಬರುತ್ತದೆ. ಒಂದು ಕಾರು. ಅಣ್ಣ ತಮ್ಮ ಇಬ್ಬರದೂ ಒಂದೇ ಮನೆ, ಕೆಳಗೆ ತಮ್ಮನ ಸಂಸಾರ, ಮೇಲೆ ಅಣ್ಣನದು. ಮೈದುನ ಹೊಸ ಕಾರು ತಂದು ಮೆಟ್ಟಿಲ ಬುಡಕ್ಕೆ ಒತ್ತಿ ನಿಲ್ಲಿಸಲು ಶುರುಮಾಡಿದ. ಅತ್ತಿಗೆಯ ಮಂಡಿನೋವಿನ ಗಂಡ ಏಡಿಯ ಹಾಗೆ ಅಡ್ಡಡ್ಡ ನುಸುಳಿ ಇಳಿಯಬೇಕು. ಒಂದು ದಿನ ಎಡವಿ ಬಿದ್ದ. ಅತ್ತಿಗೆ ಬಾಲ್ಕನಿಯಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಬೈದಳು. ಮೈದುನ ಕೆಳಗಿನಿಂದ, "ಬಾಯಿಬಡುಕಿ" ಎಂದ. ಮಾತು ಅಲ್ಲಿಗೆ ನಿಂತಿತು. ಓರಗಿತ್ತಿಯರಿಬ್ಬರು ಮಾತ್ರ ಹಿತ್ತಲ ಬಾಗಿಲಲ್ಲಿ ಕದ್ದು ಮಾತಾಡಿಕೊಳ್ಳುತ್ತಿದ್ದರು.

ಆದರೆ ಕೆಲಸದಲ್ಲಿ ಮಾತು ಬಿಡಲು ಬರುತ್ತಿರಲಿಲ್ಲ. ಮೇಲಕ್ಕೆ ಯಾವ ಆದೇಶ ಹೋಗಬೇಕಾದರೂ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು, ಆಮೇಲಷ್ಟೇ ಗುಂಡಿ ಒತ್ತಬೇಕು. ಒಬ್ಬರ ತಪ್ಪು ಇನ್ನೊಬ್ಬರ ಕಿವಿಗೆ ಬೀಳಲಿ ಎಂದು ಮಾಡಿದ ಪದ್ಧತಿ. ಅವಳು ಓದುತ್ತಿದ್ದಳು, ಅವನು ತಿರುಗಿ ಹೇಳುತ್ತಿದ್ದ. ಇಬ್ಬರ ನಡುವೆ ಉಳಿದಿದ್ದ ಮಾತು ಅಷ್ಟೇ, ಬರೀ ಅಂಕಿ. ನಿನ್ನೆಯೂ ಅವಳು ಕಂಪ್ಯೂಟರ್ ಕಳೆದಿದ್ದ ಹೊತ್ತಿನಿಂದ ಇನ್ನೊಮ್ಮೆ ಕೈಯಾರೆ ಕಳೆದು ಓದಿದಳು. ಅಂಕಿ ಬೇರೆಯಾಗಿದೆ ಎಂದು ಅವನಿಗೆ ಅನಿಸಿತು. "ಇದೇನಿದು?" ಎಂದು ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಕೇಳಿದರೆ ಸೋತಂತೆ ಎಂದುಕೊಂಡ. ಬಾಯಿ ಬಿಗಿದು, ಅವಳು ಹೇಳಿದ್ದನ್ನೇ ಹೇಳಿದ.

ಇವತ್ತು ಬೆಳಿಗ್ಗೆ ರೆಪ್ಪೆ ಹೊತ್ತಿಗೆ ಮುಂಚೆ ತೆರೆಯಿತು. ಎದುರಿಗೆ ಸೂರ್ಯ ನೆಟ್ಟಗೆ ನಿಂತಿದ್ದ. ಆಮೇಲೆ ಬಂದ ಚಿತ್ರಗಳೆಲ್ಲ ಸುಣ್ಣ ಬಳಿದ ಗೋಡೆಯಂತೆ ಖಾಲಿ ಬಿಳಿ.

"ಆ ಅಂಕಿ ಬೇರೆ ಅಂತ ಅನ್ನಿಸ್ತು ಅಂತ ನೀನೇ ಈಗ ಹೇಳಿದೆಯಲ್ಲ. ಅನ್ನಿಸಿದಾಗ ಬಾಯಲ್ಲಿ ಏನಿಟ್ಕೊಂಡಿದ್ದೆ?" ಎಂದಳು ಅತ್ತಿಗೆ.

"ನೀವು ಮೇಲ್ ಓದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ."

"ಓದಿಲ್ಲ. ನನ್ನ ಕೊಬ್ಬು. ಒಪ್ಕೋತೀನಿ, ಇಡೀ ಊರ ಮುಂದೆ ಒಪ್ಕೋತೀನಿ. ನೀನು ನಿನ್ನದು ಒಪ್ಕೋ."

"ಒಪ್ಕೊಂಡು? ವಿಚಾರಣೆ ಕೂರಿಸ್ತಾರೆ. ಹೊಸ ಉಪಗ್ರಹಕ್ಕೆ ಮುಖ್ಯಸ್ಥರು ಯಾರು ಅಂತ ಈ ತಿಂಗಳೇ ತೀರ್ಮಾನ. ಮನೆ ಜಗಳದಲ್ಲಿ ಹಳೇದನ್ನ ಕುರುಡು ಮಾಡಿದವನ ಕೈಗೆ ಹೊಸದನ್ನ ಯಾರು ಕೊಡ್ತಾರೆ? ನಿಮಗಾದ್ರೂ ಏನು ಬರತ್ತೆ? ಇಷ್ಟು ವರ್ಷ ದುಡಿದು, ಕೊನೆಗೆ ಕೆಟ್ಟ ಹೆಸರು. ನಿಮ್ಮನ್ನೂ ಉಳಿಸೋಣ ಅಂತಾನೇ ನಾನು ಹೀಗೆ ಬರೀತಿರೋದು."

"ನನ್ನನ್ನ ಉಳಿಸೋಕೆ ನೀನ್ಯಾರೋ? ಉಳಿಸಬೇಕಾಗಿರೋದು ಅದನ್ನ! ಇಂಥ ಕಣ್ಣು ಬಿಸಿಲಿಗೆ ಸುಟ್ಟರೂ, ಬೆಚ್ಚಗಿಟ್ಟು ಕಾದರೆ ತಿರುಗಿ ಕಾಣಿಸೋದುಂಟು ಅಂತ ಯಾರು ಹೇಳಿದ್ದು? ನೀನೇ ಅಲ್ವಾ? ಈ ಕೋಣೇಲೇ ಪಾಠ ಮಾಡಿದ್ದೆ."

ಮೈದುನ ತಲೆ ತಗ್ಗಿಸಿದ. ಅವನೇ ಹೇಳಿದ್ದು ನಿಜ. ಕಣ್ಣಿನ ಪಕ್ಕದಲ್ಲೊಂದು ಪುಟ್ಟ ಹೀಟರ್ ಇತ್ತು. ಅದನ್ನು ಕೆಲವು ವಾರ ಉರಿಸಿಟ್ಟು, ಆಗಾಗ ಕಣ್ಣನ್ನು ಎಬ್ಬಿಸಿ ನೋಡಬೇಕು. ಅದಕ್ಕೆ ಮುದುಕಿಯ ಬಡ ಬ್ಯಾಟರಿಯಲ್ಲಿ ಪಾಲು ಬೇಕು, ಆಂಟೆನಾದ ಹೊತ್ತು ಬೇಕು, ಕೇಂದ್ರ ಕಚೇರಿಯ ಒಪ್ಪಿಗೆ ಬೇಕು. ಅಪಘಾತದಲ್ಲಿ ಗಾಯವಾಗಿದೆ ಎಂದರೆ ಒಪ್ಪುತ್ತಾರೆ. ವಯಸ್ಸಾಗಿ ಸತ್ತಿದೆ ಎಂದರೆ ಸತ್ತದ್ದಕ್ಕೆ ಯಾರು ಕಾವು ಕೊಡುತ್ತಾರೆ? ಮಧ್ಯಾಹ್ನ ಮುದುಕಿ ತಲೆಯ ಮೇಲೆ ಹಾದುಹೋಗುವಾಗ ಹೀಟರ್ ಆರಿಸಿ ಎನ್ನುತ್ತಾರೆ. ಆರಿಸಿದರೆ ಭೂಮಿಯ ನೆರಳಿಗೆ ಹೋದೊಡನೆ ಕಣ್ಣು ಹೆಪ್ಪುಗಟ್ಟುತ್ತದೆ. ಆಮೇಲೆ ಯಾವ ದೇವರೂ ಎಬ್ಬಿಸಲಾರ.

"ಚೇತರಿಸಿಕೊಳ್ಳತ್ತೆ ಅಂತ ಏನು ಗ್ಯಾರಂಟಿ?" ಎಂದ ಮೈದುನ, ಮೆಲ್ಲಗೆ.

"ಗ್ಯಾರಂಟಿ ಇದ್ರೆ ಮಾತ್ರ ಗಾಯಕ್ಕೆ ಔಷಧಿ ಹಚ್ತೀಯಾ?"

ಅವನು ಅವಳೆದುರಿಗೇ ವರದಿ ಕಳಿಸುವ ಗುಂಡಿ ಒತ್ತಿದ.

ಅತ್ತಿಗೆ ಬಾಗಿಲು ಬಡಿದು ಹೊರಗೆ ಬಂದಳು. ಕ್ಯಾಂಟೀನಿನ ಗೋಡೆಯ ಪಕ್ಕ ನಿಂತು ಗಂಡನಿಗೆ ಫೋನು ಮಾಡಿದಳು. ಗಂಡ ಎಲ್ಲವನ್ನೂ ಕೇಳಿಸಿಕೊಂಡ. ಅವನದು ತಣ್ಣನೆಯ ಸ್ವಭಾವ, ಮನೆಗೆ ಬೆಂಕಿ ಬಿದ್ದರೂ ಮೊದಲು ಚಪ್ಪಲಿ ಹುಡುಕುವವನು.

"ಅವನು ನನ್ನ ತಮ್ಮ ಕಣೇ," ಎಂದ.

"ಗೊತ್ತು. ಮದುವೆ ಆದಾಗಿಂದ ಗೊತ್ತು."

"ಹೊಸ ಕೆಲಸ ಸಿಗೋ ಹೊತ್ತು. ಈಗ ಕಲ್ಲು ಹಾಕ್ಬೇಡ. ಒಂದು ಮಷೀನಿಗೋಸ್ಕರ ಮನೆ ಒಡೀಬೇಕಾ?"

"ಮನೆ ಒಡೆದಿದ್ದಕ್ಕೇ ಮಷೀನು ಹೋಗಿದ್ದು ಕಣ್ರೀ! ನಿಮ್ಮ ಮಂಡಿಗೋಸ್ಕರ ನಾನು ಬೀದೀಲಿ ಬಾಯಿ ಮಾಡ್ಕೊಂಡೆ. ನೀವು ಒಂದು ಸಲ ಕೆಳಗಿಳಿದು ಹೋಗಿ 'ಕಾರು ತೆಗಿಯೋ' ಅಂತ ಅವನಿಗೆ ಹೇಳಿದ್ರಾ?"

"ಊಟ ಆಯ್ತಾ?" ಎಂದ ಗಂಡ. ಅವಳು ಫೋನು ಕುಕ್ಕಿ ಚೀಲಕ್ಕೆ ಹಾಕಿದಳು. ಮಾತು ಹುಟ್ಟದಿದ್ದಾಗಲೆಲ್ಲ ಊಟ ಕೇಳುವ ಜಾತಿ!

ಮಧ್ಯಾಹ್ನ ಮೂವರೂ ನಿಯಂತ್ರಣ ಕೋಣೆಯಲ್ಲಿ ಕೂತರು. ಕಿಟಕಿಯಾಚೆ ದೊಡ್ಡ ಡಿಶ್ ಗೊರಗೊರ ಎನ್ನುತ್ತ ದಿಕ್ಕು ತಿರುಗಿಸಿತು. "ಬಂದ್ಲು," ಎಂದ ಛತ್ರಿ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಹಸಿರಾದವು. ಬ್ಯಾಟರಿ, ದಿಕ್ಕು, ಮಾಹಿತಿ ತುಂಬಿಟ್ಟುಕೊಳ್ಳುವ ಪೆಟ್ಟಿಗೆ, ಎಲ್ಲ ಸರಿ. ಕಣ್ಣಿನ ಸಾಲಿನಲ್ಲಿ ಚಿತ್ರವಿರಲಿಲ್ಲ. ಆದರೆ ಕಣ್ಣು ಬೆಚ್ಚಗಿತ್ತು, ಕರೆಂಟು ಕುಡಿಯುತ್ತಿತ್ತು, ಕರೆದರೆ ಓಗೊಡುತ್ತಿತ್ತು.

"ನೋಡು, ಜೀವ ಇದೆ," ಎಂದಳು ಅತ್ತಿಗೆ.

ಮೈದುನ ನೋಡಿದ. ನೋಡಿ ಕಣ್ಣು ತಿರುಗಿಸಿದ.

ಅವಳು ಓದಲು ಶುರುಮಾಡಿದಳು. ಬ್ಯಾಟರಿಯ ಆದೇಶ. ಅವನು ತಿರುಗಿ ಹೇಳಿದ. ಪೆಟ್ಟಿಗೆ ಖಾಲಿ ಮಾಡುವ ಆದೇಶ. ತಿರುಗಿ ಹೇಳಿದ. ಧೂಳು ಎಣಿಸುವ ಉಪಕರಣವನ್ನು ಎಬ್ಬಿಸುವ ಆದೇಶ. ಹೇಳಿದ. ಮುಂದಿನದು ಹೀಟರ್ ಆರಿಸುವುದು. ಅವಳು ನಿಲ್ಲಿಸಿದಳು.

"ಓದಿ, ಮೇಡಂ."

ಅವಳು ಓದಲಿಲ್ಲ. ಕೇಂದ್ರ ಕಚೇರಿಯವರು ಇದನ್ನೆಲ್ಲ ಕೇಳುತ್ತಾ ಕೂರುವ ಲೈನಿನ ಸ್ವಿಚ್ಚನ್ನು ಒತ್ತಿದಳು.

"ಸಾರ್, ಬೆಳಗಿನ ವರದಿ ಸುಳ್ಳು. ಕಣ್ಣು ವಯಸ್ಸಾಗಿ ಹೋಗಿಲ್ಲ. ಗಡಿಯಾರದ ಸೆಕೆಂಡುಗಳನ್ನ ಎರಡು ಸಲ ಕಳೆದುಬಿಟ್ಟಿದ್ದೀವಿ. ಒಂದು ಸಲ ಪ್ರೋಗ್ರಾಂ, ಇನ್ನೊಂದು ಸಲ ನಾನು. ಬದಲಾಗಿದೆ ಅಂತ ಮೇಲ್ ಬಂದಿತ್ತು, ನಾನು ಓದಿಲ್ಲ. ರೆಪ್ಪೆ ಸೂರ್ಯನ ಎದುರಿಗೆ ತೆರೀತು. ಕಣ್ಣು ಇನ್ನೂ ಓಗೊಡ್ತಿದೆ. ಹೀಟರ್ ಆರಿಸ್ಬೇಡಿ. ಕೆಲವು ವಾರ ಬಿಟ್ಟು ನೋಡೋಣ."

ಆ ಕಡೆ ಯಾರೋ ಕೆಮ್ಮಿದರು. ಯಾರೋ ಯಾರನ್ನೋ ಕೇಳಿದರು. ಆಮೇಲೆ ಒಂದು ಗಂಭೀರ ದನಿ ಬಂತು. "ಮುಖ್ಯಸ್ಥರು ಅಲ್ಲೇ ಇದ್ದಾರಾ? ಇದು ನಿಜವೇನ್ರೀ?"

ಅತ್ತಿಗೆ ಮೈದುನನ ಮುಖವನ್ನೇ ನೋಡಿದಳು. ಕಾಲೇಜಿನ ಹುಡುಗನಾಗಿದ್ದಾಗ ಇವನನ್ನು ಈ ಕೋಣೆಗೆ ಮೊದಲು ಕರೆತಂದವಳು ಅವಳೇ. ಮುದುಕಿ ಆಗ ಹೊಸ ಮದುವಣಗಿತ್ತಿ. ಈ ಪರದೆಯ ಮುಂದೆ ಬಾಯಿ ತೆರೆದು ನಿಂತಿದ್ದವನನ್ನು ಊಟಕ್ಕೆ ಎಳೆದುಕೊಂಡು ಹೋಗಬೇಕಾಗಿತ್ತು. ಹೇಳುತ್ತಾನೆ, ಎಂದುಕೊಂಡಳು. ನನ್ನ ಮೇಲಿನ ಸಿಟ್ಟು ಏನೇ ಇರಲಿ, ಇದಕ್ಕೋಸ್ಕರ ಹೇಳುತ್ತಾನೆ.

ಮೈದುನ ಮೈಕಿನ ಹತ್ತಿರ ಬಾಗಿದ.

"ಸರ್, ಮೇಡಂ ಈ ಉಪಗ್ರಹದ ಜೊತೆ ಮೊದಲ ದಿನದಿಂದ ಇದ್ದಾರೆ. ಅವರಿಗೆ ತುಂಬ ಬೇಜಾರಾಗಿದೆ. ನಾವು ಅರ್ಥ ಮಾಡ್ಕೋಬೇಕು. ವರದಿಯಲ್ಲಿ ಇರೋದೇ ನನ್ನ ಅಭಿಪ್ರಾಯ."

"ಸರಿ. ಮೇಡಂ, ನಿಮ್ಮ ಭಾವನೆ ನಮಗೆ ತಿಳಿಯತ್ತೆ. ಹೇಳೋದಿದ್ರೆ ಬರೆದು ಕಳಿಸಿ. ಈಗ ಯೋಜನೆ ಪ್ರಕಾರ ಮುಂದುವರಿಸಿ."

"ಬರೆದು ನಿಮಗೆ ತಲುಪೋ ಹೊತ್ತಿಗೆ ಅದು ಕಲ್ಲಾಗಿರತ್ತೆ ಸ್ವಾಮಿ!" ಎಂದು ಕೂಗಿದಳು. ಲೈನು ಅಷ್ಟರಲ್ಲಿ ಕಟ್ಟಾಗಿತ್ತು.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ. ಬೆಳಗಿನಿಂದ ಕುದಿಯುತ್ತಿದ್ದವಳು ಈಗ ಗಟ್ಟಿಯಾಗಿ ಕೂಗಲೂ ಇಲ್ಲ, ಅದೇ ಛತ್ರಿಗೆ ಭಯ ಹುಟ್ಟಿಸಿತು.

"ಬೇಜಾರಾಗಿದೆ ಅಂದೆ ಅಲ್ವಾ," ಎಂದಳು ಮೈದುನನಿಗೆ. "ಬಾಯಿಬಡುಕಿ ಅಂದಾಗ ಇಷ್ಟು ನೋವಾಗಿರಲಿಲ್ಲ ಕಣೋ. ಅವತ್ತು ಬೈದೆ, ಬೈಸಿಕೊಂಡೆ, ಲೆಕ್ಕ ಸರಿಹೋಯ್ತು. ಇವತ್ತು ನನ್ನ ಮಾತನ್ನ ಹೆಂಗಸಿನ ಅಳು ಮಾಡಿಬಿಟ್ಟೆ. ನಾನು ನಿಜ ಹೇಳ್ತಿದೀನಿ ಅಂತ ನಿನಗೆ ಗೊತ್ತಿತ್ತು."

"ಅತ್ತಿಗೆ, ಮುದುಕಿ ದಿಗಂತದ ಕೆಳಗೆ ಹೋಗ್ತಿದ್ದಾಳೆ. ಇನ್ನು ಸ್ವಲ್ಪ ಹೊತ್ತು ಅಷ್ಟೇ. ಓದಿ. ಕೈ ಮುಗೀತೀನಿ."

"ನನ್ನ ಬಾಯಿಂದ ಅದು ಬರಲ್ಲ."

"ಅಕ್ಕಾ, ಕೂತ್ಕೊಳ್ಳಿ," ಎಂದ ಛತ್ರಿ.

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಕುರ್ಚಿಯ ಬೆನ್ನಿಗಿದ್ದ ಸ್ವೆಟರ್ ತೆಗೆದುಕೊಂಡಳು. ಬಾಗಿಲು ದಾಟಿ ಕಾರಿಡಾರಿಗೆ ಬರುವಷ್ಟರಲ್ಲಿ ಹಿಂದಿನಿಂದ ಮೈದುನನ ದನಿ ಕೇಳಿಸಿತು. "ಛತ್ರಿ, ಇಲ್ಲಿ ಬಾ. ನೀನು ಓದು."

"ನಾನಾ? ಸಾರ್, ನನಗೆ ಇದೆಲ್ಲ..."

"ಓದು ಅಂದೆ!"

ಅತ್ತಿಗೆ ನಿಂತಳು. ಓದಬೇಡ್ವೋ, ಎಂದು ಕೂಗಬೇಕೆನಿಸಿತು. ಆ ಬಡಪಾಯಿಯನ್ನು ಬೈದು ಏನು ಬಂತು? ಛತ್ರಿ ಗಂಟಲು ಸರಿಮಾಡಿಕೊಂಡ. ತಡವರಿಸುತ್ತಾ, ಒಂದೊಂದೇ ಪದವಾಗಿ ಓದಿದ. ಮೈದುನ ಅದನ್ನೇ ತಿರುಗಿ ಹೇಳಿದ, ಒಂದಕ್ಷರ ತಪ್ಪದೆ. ಗುಂಡಿ ಒತ್ತಿದ ಸದ್ದು ಇಷ್ಟು ದೂರ ಕೇಳುವಂಥದ್ದಲ್ಲ. ಅವಳಿಗೆ ಕೇಳಿಸಿತು.

ಮೆಟ್ಟಿಲಿಳಿದಳು. ಕಾವಲುಗಾರ ಎದ್ದು ನಿಂತು ಏನೋ ಕೇಳಿದ, ಅವಳು ಕೊರಳಿನ ಗುರುತಿನ ಚೀಟಿ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಬಸ್ಸು ನಿಂತೇ ಇತ್ತು. ಹತ್ತಲಿಲ್ಲ. ಕೂರುವ ತಾಳ್ಮೆ ಮೈಯಲ್ಲಿರಲಿಲ್ಲ. ಬಿಸಿಲಿನಲ್ಲಿ, ತನ್ನನ್ನೂ ಅವನನ್ನೂ ಒಟ್ಟಿಗೇ ಬೈಯುತ್ತಾ, ರಸ್ತೆಯುದ್ದಕ್ಕೂ ದಡದಡನೆ ನಡೆದಳು. ಮಾರನೆಯ ದಿನ ಛತ್ರಿ ಫೋನು ಮಾಡಿದ, ಆಮೇಲೆ ಮೈದುನನೂ ಮಾಡಿದ. ಅವಳು ಎತ್ತಲಿಲ್ಲ, ಆ ಕಟ್ಟಡಕ್ಕೆ ಮತ್ತೆ ಕಾಲಿಡಲೂ ಇಲ್ಲ.