ಹೆಗಲ ಮೇಲಿನ ಕರಿ ಹೊಲಿಗೆ

ನಾಲಿಗೆಗೆ ಹುಲ್ಲು ಅಂಟಿದೆ, ಹುಲ್ಲಿನ ಜೊತೆ ಗೆರೆಯ ಬಿಳಿ ಬಣ್ಣ, ಉಗುಳಿದರೆ ಕ್ಯಾಮೆರಾದವರು ಅದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ, ನೋಡಿ, ಹೆನ್ನಿಂಗ್ ತನ್ನ ಮೈದಾನಕ್ಕೇ ಉಗುಳಿದ ಅಂತ, ಬೇಡ, ನುಂಗುತ್ತೇನೆ. ಕೊನೇ ಗಳಿಗೆಯ ಗೋಲು, ನಮ್ಮದೇ ಬಲೆಗೆ, ನನ್ನದೇ ಮೊಣಕಾಲಿಗೆ ತಗುಲಿ ಒಳಗೆ ಹೋದದ್ದು — ಆಮೇಲೆ ನಡುಗೆರೆಯಿಂದ ಶುರು ಮಾಡಿದ್ದಷ್ಟೇ, ಸೀಟಿ ಊದಿಬಿಟ್ಟರು, ಮೂರನೇ ಡಿವಿಷನ್ನಿಗೆ ಬಿದ್ದೆವು, ಕ್ಯಾಪ್ಟನ್ ಪಟ್ಟಿ ನನ್ನ ತೋಳಿನ ಮೇಲಿರುವಾಗಲೇ ಬಿದ್ದೆವು. ಏಳು. ಎದುರಿನ ಗೋಲಿನ ಹಿಂದೆ ನಮ್ಮವರ ಗ್ಯಾಲರಿ, ಹಸಿರು ಮಫ್ಲರುಗಳು, ಡೋಲು, ಸೋತಾಗ ಅಲ್ಲಿಗೆ ಹೋಗಿ ಬೇಲಿಯ ಮುಂದೆ ನಿಲ್ಲಬೇಕು, ಬೈದರೆ ಬೈಸಿಕೊಳ್ಳಬೇಕು, ಗೆದ್ದಾಗ ಅವರೆದುರು ಕೈ ಕೈ ಹಿಡಿದು ಕುಣಿದವರು ಸೋತಾಗ ಒಳಗೆ ನುಸುಳಬಾರದು, ಇವತ್ತು ಎಲ್ಲರೂ ನುಸುಳುತ್ತಿದ್ದಾರೆ, ನಮ್ಮ ಗೋಲ್‌ಕೀಪರ್ ಕೈಗವಸಿನಲ್ಲಿ ಮುಖ ಮುಚ್ಚಿಕೊಂಡೇ ಓಡಿದ. ಕೋಚ್ ಕೈ ಬೀಸುತ್ತಾನೆ, ಒಳಗೆ ಬಾರೋ ಹೆನ್ನಿಂಗ್, ಬಿಯರ್ ಲೋಟ ಎಸೀತಾರೆ, ನಾಳೆ ಪೇಪರಲ್ಲಿ ಕ್ಷಮೆ ಕೇಳಿದ್ರಾಯ್ತು. ಪೇಪರಿನಲ್ಲಿ ಯಾಕೆ ಕೇಳಲಿ, ಅಪ್ಪ ಪೇಪರಿನಲ್ಲಿ ನಿಂತಿಲ್ಲ, ಬೇಲಿಯ ಹಿಂದೆ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದಾನೆ, ನಾನು ಹುಟ್ಟುವ ಮೊದಲೂ ಅಲ್ಲೇ ನಿಲ್ಲುತ್ತಿದ್ದ. ನಡೆ.

ನಡೆಯುತ್ತೇನೆ, ಬಲ ಮೊಣಕಾಲಿನೊಳಗೆ ಡಾಕ್ಟರು ಕೂರಿಸಿದ ಸ್ಕ್ರೂ ಕಚ್ಚುತ್ತದೆ, ಕಚ್ಚಲಿ, ಅದು ಕಾಲುವೆಯಾಚೆಯ ಕ್ಲಬ್ಬಿನ ಉಡುಗೊರೆ, ನಮ್ಮ ಊರು ಹೆಸರೆತ್ತಲೂ ಒಲ್ಲದ ಕ್ಲಬ್ಬು, ನಾನು ಹೋಗಿದ್ದೆ, ಮೊದಲನೇ ಡಿವಿಷನ್ ಆಡಬೇಕಿತ್ತು, ಹೋಗಿದ್ದೆ. ಅಡುಗೆಮನೆಯಲ್ಲಿ ಹೇಳಿದೆ, ಅಪ್ಪಾ, ಅವರು ಕರೆದಿದಾರೆ, ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ, ಗಣಿ ಮುಚ್ಚಿದ ಮೇಲೂ ಗಣಿಯ ಬೂದು ಜಾಕೆಟ್ಟನ್ನು ಮನೆಯೊಳಗೂ ಹಾಕಿಕೊಂಡಿರುತ್ತಿದ್ದ, ತಿರುಗಲಿಲ್ಲ, ನಾನು ನೋಡಿದ್ದು ಅವನ ಹೆಗಲ ಮೇಲಿನ ಕರಿ ಹೊಲಿಗೆಯನ್ನಷ್ಟೇ — ಅಮ್ಮ ಹಾಕಿದ್ದು, ಬೂದು ದಾರ ಮುಗ್ದೋಗಿತ್ತು ಕಣ್ರೀ, ಕರಿದೇ ಹಾಕಿದೀನಿ, ಬೆನ್ನ ಕಡೆ ಯಾರು ನೋಡ್ತಾರೆ. ನಾನು ನೋಡಿದೆ ಅಮ್ಮ, ಅವನು ನನಗೆ ತೋರಿಸಿದ್ದು ಅದನ್ನೇ. ನಾನು ಆ ಕಡೆ ಆಡಿದಷ್ಟು ಕಾಲ ಅಪ್ಪ ನನ್ನ ಜೊತೆ ಫುಟ್‌ಬಾಲ್ ಮಾತೆತ್ತಲಿಲ್ಲ, ಕೋಸಿಗೆ ಹುಳ ಬಿದ್ದದ್ದು, ಅವನು ಸಾಕಿದ ಪಂದ್ಯದ ಪಾರಿವಾಳ ದಾರಿ ತಪ್ಪಿ ತಡವಾಗಿ ಗೂಡಿಗೆ ಬಂದದ್ದು, ಇಷ್ಟೇ ಮಾತು. ತಡವಾಗಿ ಬಂದ ಪಾರಿವಾಳವನ್ನೂ ಅವನು ಬೈಯುವುದಿಲ್ಲ, ಮುದ್ದಿಸುವುದೂ ಇಲ್ಲ, ನೀರಿಟ್ಟು ಹೋಗುತ್ತಾನೆ. ಅಮ್ಮನನ್ನು ಮಣ್ಣು ಮಾಡಿದ ದಿನ ಶವಪೆಟ್ಟಿಗೆಯ ಹಿಂದೆ ಅವನು, ಅವನ ಹಿಂದೆ ನಾನು, ಅವತ್ತೂ ಇದೇ ಜಾಕೆಟ್ಟು, ಚಿಕ್ಕಮ್ಮಂದಿರು ಬೇಡವೆಂದರೂ ಕೇಳಲಿಲ್ಲ, ದಾರಿಯುದ್ದಕ್ಕೂ ಕರಿ ಹೊಲಿಗೆ ನೋಡುತ್ತ ನಡೆದೆ, ಒಂದಿಷ್ಟೂ ಅಲುಗಲಿಲ್ಲ, ಎಂಥ ಕಲ್ಲು ಮನುಷ್ಯ ಅಂದುಕೊಂಡೆ, ಸಿಟ್ಟೂ ಬಂತು. ಆ ಚಳಿಗಾಲವೇ ನಾನು ಈ ಕ್ಲಬ್ಬಿಗೆ ವಾಪಸ್ಸು ಬಂದೆ. ಅವನು ನೀರಿಟ್ಟ.

ಮೆಗಾಫೋನಿನವ ಏನೋ ಕೂಗುತ್ತಾನೆ, ಗ್ಯಾಲರಿ ಒಟ್ಟಿಗೆ ತಿರುಗುತ್ತದೆ, ಎಲ್ಲರೂ, ಬರೀ ಬೆನ್ನುಗಳು, ಬೈಗುಳವೂ ಇಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪನೂ ತಿರುಗಿದ್ದಾನೆ. ತಿರುಗಲಿ, ಬೆನ್ನಿಗೇ ಹೇಳುತ್ತೇನೆ, ಹೇಳಿಯೇ ಹೋಗುವುದು. ಬೆಳಿಗ್ಗೆ ಏಜೆಂಟ್ ಯೋರ್ಗ್ ಫೋನಿನಲ್ಲಿ, ನೋಡು, ನೀವು ಬಿದ್ರೆ ಕರಾರು ಅಲ್ಲಿಗೇ ಮುಗೀತು, ಉತ್ತರದ ಕಡೆಯ ಕ್ಲಬ್ಬಿನವರು ನಿನ್ನನ್ನ ಎರಡನೇ ಡಿವಿಷನ್‌ಗೇ ಕೇಳ್ತಿದಾರೆ, ಆಟ ಮುಗಿದ ತಕ್ಷಣ ಹ್ಞೂಂ ಅನ್ನು, ಈ ವಯಸ್ಸಲ್ಲಿ ಇನ್ನೊಂದ್ಸಲ ಯಾರು ಕರೀತಾರೆ. ಪಾರಿವಾಳದ ಸಂಘದಲ್ಲಿ ಆಗಲೇ ಸುದ್ದಿ, ಏನೋ ಎರ್ವಿನ್, ನಿನ್ನ ಮಗ ಮತ್ತೆ ಹಾರ್ತಾನಂತೆ, ಈ ಸಲನಾದ್ರೂ ಗೂಡಿಗೆ ಬೀಗ ಹಾಕೋ, ಅಪ್ಪ ಬಿಯರ್ ಅರ್ಧಕ್ಕೇ ಬಿಟ್ಟು ಎದ್ದುಬಂದನಂತೆ, ನನ್ನನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದಿದ್ದರೂ ಹೇಳುತ್ತೇನೆ. ಲೋಟವೊಂದು ಎಲ್ಲಿಂದಲೋ ಬಂದು ಎದೆಗೆ ಬಡಿಯುತ್ತದೆ, ಬಿಯರ್ ಅಂಗಿಯೊಳಗೆ ಹೊಟ್ಟೆಯ ಮೇಲೆ ತಣ್ಣಗೆ ಇಳಿಯುತ್ತದೆ, ಒರೆಸಿಕೊಳ್ಳುವುದಿಲ್ಲ, ಇನ್ನು ಪೆನಾಲ್ಟಿ ಜಾಗ, ಇನ್ನು ಗೋಲುಕಂಬ, ಬೇಲಿ.

ಡೋಲು ಸುಮ್ಮನಾಗಿದೆ. ಮೇಲಿನ ಬಾಗಿಲಿಂದ ಜನ ಹೊರಡುತ್ತಿದ್ದಾರೆ, ಆ ದಾರಿಯಲ್ಲಿ ಹೋದರೆ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಅಪ್ಪನೂ ಹೋಗಬಹುದು, ಹೋಗಿಲ್ಲ. ಬೇಲಿಯ ತಂತಿಗೆ ಬೆರಳು ಸಿಕ್ಕಿಸಿದ್ದೇನೆ, ಕೈ ಚಾಚಿದರೆ ಜಾಕೆಟ್ಟು ಸಿಗುವಷ್ಟು ಹತ್ತಿರ. ಅಪ್ಪಾ. ಅಪ್ಪಾ, ಗೋಲು ನಂದೇ ತಪ್ಪು. ನಾನು ಎಲ್ಲೂ ಹೋಗ್ತಿಲ್ಲ, ಮೂರನೇ ಡಿವಿಷನ್ ಅಂದ್ರೆ ಮೂರನೇದೇ, ಈ ಕಾಲು ಇರೋ ತನಕ ಇಲ್ಲೇ ಆಡ್ತೀನಿ, ಕೇಳಿಸ್ತಾ. ತಿರುಗದಿದ್ದರೆ ಬೇಡ, ನೀನು ನಿಂತಷ್ಟು ಹೊತ್ತು ನಾನೂ ನಿಲ್ಲುತ್ತೇನೆ, ಹಟ ನಿನ್ನಿಂದಲೇ ಬಂದದ್ದು, ದೀಪ ಆರಿಸಿದರೂ ನಿಲ್ಲುತ್ತೇನೆ, ಬೂದು ಬಟ್ಟೆ, ಅಮ್ಮನ ದಾರ, ಅಮ್ಮನ ಹಿಂದೆ ನಡೆದಾಗಲೂ ಅಲುಗದಿದ್ದ ಹೊಲಿಗೆ, ಅಲುಗುತ್ತಿದೆ, ಗಾಳಿಯಿಲ್ಲ, ಒಂದೆಲೆಯೂ ಅಲ್ಲಾಡುತ್ತಿಲ್ಲ, ಕರಿ ಹೊಲಿಗೆ ಅಲುಗುತ್ತಿದೆ, ನಿಲ್ಲುತ್ತದೆ, ಮತ್ತೆ ಅಲುಗುತ್ತದೆ, ಕರಿ ಹೊಲಿಗೆ —