ನಾನು ಕೊಟ್ಟ ಕಂಬಳಿ

ನನ್ನ ಹೆಂಡತಿ ನಂದಿನಿ ಯಾದಗಿರಿಯಿಂದ ಲ್ಯಾಪ್‌ಟಾಪ್ ರಿಪೇರಿ ಮಾಡಿಸಿ ತಂದ ದಿನ ಮನೆಯಲ್ಲೆಲ್ಲ ಒಂದೇ ಹೆಸರು.

"ಮಲ್ಲಿನಾಥ ಹಳೇ ಹಾರ್ಡ್ ಡಿಸ್ಕ್ ತಗದು ಎಸ್‌ಎಸ್‌ಡಿ ಅಂತ ಹೊಸಾ ಡಿಸ್ಕ್ ಹಾಕ್ಯಾನ್ರಿ. ಬಟನ್ ಒತ್ತೂದ್ರಾಗ ಚಾಲೂ ಆಗ್ತದ! ಅವನ ಕೈಗುಣಾನ ಹಂಗದ ನೋಡ್ರಿ."

ಕೈಗುಣವಂತೆ! ನಮ್ಮ ಕುರಿಹಟ್ಟಿಯಲ್ಲಿ ಈಯುವಾಗ ಅಡ್ಡ ಸಿಕ್ಕ ಮರಿಗಳನ್ನೆಲ್ಲ ಜೀವಂತ ಹೊರತೆಗೆದವನು ನಾನು. ನನ್ನ ಕೈಗುಣದ ಬಗ್ಗೆ ಇವಳ ಬಾಯಿಂದ ಎಂದಾದರೂ ಒಂದು ಮಾತು ಬಂದಿತ್ತೇ? ಮಲ್ಲಿನಾಥ ಅವಳ ಕಾಲೇಜಿನ ಜೊತೆಗಾರ. ಸ್ಟೇಷನ್ ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವಳನ್ನು ಬರೀ 'ನಂದಿನಿ' ಎಂದು ಕರೆಯುತ್ತಾನೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು.

ಆ ವಾರವೇ ನಮ್ಮ ಕುರಿಗಳ ಕರಿ ಉಣ್ಣೆ ಒಯ್ದು, ದೊಡ್ಡಪ್ಪನ ಮಗ್ಗದ ಮುಂದೆ ಕೂತು, ಅವಳಿಗೆಂದೇ ಸಣ್ಣದೊಂದು ಕಂಬಳಿ ನೇಯಿಸಿದೆ.

"ಲ್ಯಾಪ್‌ಟಾಪ್ ಇದರ ಮ್ಯಾಲ ಇಟ್ಕೊಂಡು ಕೆಲಸ ಮಾಡು. ಕಂಬಳಿ ಬಿಸಲಾಗ ತಂಪು ಇರ್ತದ, ಥಂಡ್ಯಾಗ ಬೆಚ್ಚಗ" ಎಂದೆ.

ಅವಳು ನಕ್ಕಳು. ಇಂಥ ನಗು ಆ ಎಸ್‌ಎಸ್‌ಡಿಗೆ ಸಿಕ್ಕಿರಲಿಲ್ಲ ಬಿಡಿ.

ಅಲ್ಲಿಂದ ಲ್ಯಾಪ್‌ಟಾಪಿಗೆ ಜಡ್ಡು ಶುರುವಾಯಿತು. ನಂದಿನಿ ಸಂಜೆ ಒಂದು ಕಂಪನಿಯ ಪರವಾಗಿ ಆನ್‌ಲೈನಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಪಾಠದ ನಡುವೆ ಫ್ಯಾನು ಬುಸುಗುಟ್ಟಿ ಪರದೆ ಕಪ್ಪಾಗುತ್ತಿತ್ತು. ಮತ್ತೆ ಬಟನ್ ಒತ್ತಿದರೆ ಡಿಸ್ಕೇ ಇಲ್ಲವೆಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಲ್ಲುತ್ತಿತ್ತು. ತಣ್ಣಗಾದ ಮೇಲೆ ತಾನಾಗಿಯೇ ಚಾಲೂ. ಮೇಲಿಂದ ಮೇಲೆ ಹೀಗಾದಾಗ, ಇನ್ನೊಂದು ಪಾಠ ಅರ್ಧಕ್ಕೆ ನಿಂತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿಯವರು ಹೇಳಿಬಿಟ್ಟರು. ನಂದಿನಿಯ ಮುಖ ಸಣ್ಣದಾಯಿತು. ನನಗೆ ಅವಳನ್ನು ನೋಡಿ ಸಂಕಟ, ಮಲ್ಲಿನಾಥ ಸೋತನೆಂದು ಖುಷಿ.

"ಎಲ್ಲಿ ಹೋತು ಕೈಗುಣ? ಒಲಿ ಕಾದಂಗ ಕಾಯಾಕತ್ತದಲ್ಲ!" ಎಂದೆ. ತಂಪಾಗಲಿ ಎಂದು ಕಂಬಳಿಗೆ ಇನ್ನೊಂದು ಮಡಿಕೆ ಹಾಕಿಕೊಟ್ಟೆ. ಅವಳು ಅದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡಳು.

ಆದರೆ ನಾನು ಕುರಿ ಮಾರಲು ಸುರಪುರದ ಸಂತೆಗೆ ಹೋದ ದಿನ ಅದು ಕೆಡುತ್ತಲೇ ಇರಲಿಲ್ಲ. "ಇವತ್ತ ಛಲೋ ನಡೀತ್ರಿ" ಎನ್ನುತ್ತಿದ್ದಳು. ನಾನು ಮನೆಯಲ್ಲಿದ್ದರೆ ಮಾತ್ರ ಜಡ್ಡು! ತಲೆಯಲ್ಲಿ ಹುಳ ಹೊಕ್ಕಿತು. ನಾನಿಲ್ಲದಾಗ ಅವನಿಗೆ ಫೋನು ಹಚ್ಚಿ ಸರಿ ಮಾಡಿಸಿಕೊಳ್ಳುತ್ತಾಳೆ, ಮತ್ತೇನು?

ಒಂದು ದಿನ ಬೆಳಿಗ್ಗೆ ಅವಳಿಗೆ ಹೇಳದೆ ಲ್ಯಾಪ್‌ಟಾಪನ್ನು ಅದೇ ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮೂರು ಗೋಗಿಯಿಂದ ಹೊರಟೆ. ಶಹಾಪುರದಲ್ಲಿ ಬಸ್ಸು ಬದಲಿಸಿ ಯಾದಗಿರಿಗೆ ಹೋಗಿ ಮಲ್ಲಿನಾಥನ ಮೇಜಿನ ಮೇಲೆ ಕುಕ್ಕಿದೆ.

"ಏನ್ ಹಾಕಿ ಕೊಟ್ಟೀರಿ ಇದರಾಗ? ಆಕಿ ನೌಕ್ರಿ ಹೋಗೂ ಹೊತ್ತು ಬಂದದ!"

ಅವನು ಲ್ಯಾಪ್‌ಟಾಪ್ ಮಗುಚಿ ಹಾಕಿದ. ಸ್ಕ್ರೂ ಬಿಚ್ಚಿ ತಳ ತೆಗೆದ. ಫ್ಯಾನಿನ ತುಂಬ ಕರಿ ಉಣ್ಣೆ! ಚಿಮಟದಿಂದ ಎಳೆ ಎಳೆಯಾಗಿ ಕಿತ್ತು ನನ್ನ ಮುಂದೆ ಇಟ್ಟ.

"ಅಣ್ಣಾರ, ಇದು ಗಾಳಿ ಎಳಕೊಳ್ಳೂದು ತಳದಾಗಿಂದ. ಕಂಬಳಿ ಮ್ಯಾಲ ಇಟ್ರ ಉಸಿರು ಕಟ್ತದ. ಡಿಸ್ಕ್ ಭಾಳ ಕಾಯ್ದ್ರ ಮಷೀನಿಗೆ ಕಾಣಂಗೇ ಇಲ್ಲ. ಹಲಗಿ ಮ್ಯಾಲ ಇಟ್ಕೊಂಡ್ರ ಸಾಕ್ರಿ."

"ಮೊದಲ ಹೇಳಾಕ ಏನ್ ಧಾಡಿ ಆಗಿತ್ತು?"

"ಹೇಳಿದ್ದೆನ್ರಿ. ಮೊದಲ ಸಲ ಬಂದ್ ಆದಾಗ ನಂದಿನಿ ಫೋನ್ ಮಾಡಿದ್ಲು. ಕಂಬಳಿ ತಗಿ ಅಂದೆ. 'ನನಗಂತ ಕೂತು ನೇಯಿಸ್ಕೊಂಡು ಬಂದಾರ. ತಗದ್ರ ಮನಸಿಗಿ ಹಚ್ಕೋತಾರ. ಅವರು ಊರಿಗಿ ಹೋದಾಗಷ್ಟ ತಗೀತೀನಿ' ಅಂದ್ಲು."

ನಾನು ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡೆ.

ಸಂಜೆ ನಾನೇ ಹಲಗೆ ಒರೆಸಿ ಅವಳ ಮುಂದಿಟ್ಟೆ. ಅವಳು ನನ್ನ ಹೆಗಲ ಮೇಲಿದ್ದ ಕಂಬಳಿಯನ್ನು ನೋಡಿದಳು.

"ಯಾರು ಹೇಳಿದ್ರು?"

"ಮಲ್ಲಿನಾಥ."

ಅವಳು ತಲೆ ತಗ್ಗಿಸಿ ಲ್ಯಾಪ್‌ಟಾಪ್ ಚಾಲೂ ಮಾಡಿದಳು. ಅಂದು ಪಾಠ ಕೊನೆಯವರೆಗೂ ನಡೆಯಿತು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಅವಳ ದನಿ ಕೇಳುತ್ತಿದ್ದೆ. ನೌಕರಿ ಹೋದರೂ ಹೋಗಲಿ, ನನ್ನ ಮನಸ್ಸು ನೋಯಬಾರದು ಎಂದುಕೊಂಡ ಹೆಂಡತಿ! ಇದಕ್ಕಿಂತ ಇನ್ನೇನು ಬೇಕು? ಆದರೆ ಅವಳಿಗೆ ನನ್ನ ಮೇಲೆ ಇಷ್ಟು ಜೀವ ಇದೆ ಎಂಬುದು ನನಗಿಂತ ಮೊದಲು ಮಲ್ಲಿನಾಥನಿಗೆ ಗೊತ್ತಾಗಿತ್ತು. ಹೊಟ್ಟೆ ಮತ್ತೆ ಉರಿಯತೊಡಗಿತು.