ಕಂಬಳಿಯ ಸುತ್ತ

ಆದೋನಿಯ ಟ್ರೈನಿಂಗ್ ಕಾಲೇಜಿಗೆ ಕಾಲೇಜು ಎನ್ನುವ ಹೆಸರು ಸ್ವಲ್ಪ ದೊಡ್ಡದೇ ಆಗಿತ್ತು. ನಾಲ್ಕು ಕೋಣೆ, ಮುಂದೊಂದು ಪಡಸಾಲೆ, ಹಿಂದೊಂದು ಬಾವಿ, ಅಂಗಳದ ಮೂಲೆಯಲ್ಲಿ ಬೇವಿನ ಮರ. ಸುತ್ತಲಿನ ಹಳ್ಳಿಗಳ ಹುಡುಗರು ಅಲ್ಲಿ ಎರಡು ವರ್ಷ ಕಲಿತು ಮೇಷ್ಟ್ರಾಗಿ ಹೊರಬೀಳುತ್ತಿದ್ದರು. ಆದರೆ ಗೇಟಿನ ಪಕ್ಕದ ಕರಿಹಲಗೆಯ ಠೀವಿ ಮಾತ್ರ ಯಾವ ದೊಡ್ಡ ಕಾಲೇಜಿಗೂ ಕಡಿಮೆಯದಲ್ಲ. ಪ್ರತಿ ಸೋಮವಾರ ಅದರ ಮೇಲೆ ಕಾಲೇಜಿನ ಸುದ್ದಿ ಮೂಡುತ್ತಿತ್ತು. ಹತ್ತಿ ಗಾಡಿ ಹೊಡೆದುಕೊಂಡು ಜಿನ್ನಿಂಗ್ ಮಿಲ್ಲಿಗೆ ಹೊರಟವರು ಎತ್ತು ನಿಲ್ಲಿಸಿ, ಓದುಬಲ್ಲವರಿಂದ ಓದಿಸಿಕೊಂಡು ಮುಂದೆ ಹೋಗುತ್ತಿದ್ದರು. ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ಕಾಲ ಅದು. ಆದರೂ ಆ ಬೀದಿಯವರಿಗೆ ಕಾಲೇಜಿನ ಬಾವಿಗೆ ಕೊಡ ಬಿದ್ದ ಸುದ್ದಿಯೇ ಹೆಚ್ಚು ಹತ್ತಿರದ್ದಾಗಿತ್ತು.

ಹಲಗೆ ಬರೆಯುವವನು ಭೀಮಲಿಂಗಪ್ಪ, ಹೊಳಗುಂದದ ಕುರಿ ಸಾಕುವ ಮನೆತನದ ಹುಡುಗ. ಅಕ್ಷರ ಮುತ್ತಿನಂಥದು, ಮಾತಿನಲ್ಲಿ ತಮಾಷೆ ತುಂಬಿತ್ತು. ದೊಡ್ಡವರ ಎದುರು ನಿಂತು ಒಂದು ಮಾತು ಹೇಳುವ ಧೈರ್ಯ ಮಾತ್ರ ಅಷ್ಟಕ್ಕಷ್ಟೆ. ಆ ಸೋಮವಾರ ಅವನು ಹೀಗೆ ಬರೆದ: "ಬಾವಿಗೆ ಬಿದ್ದಿದ್ದ ಕೊಡ ಸಿಕ್ಕಿದೆ, ಬೀಳಿಸಿದವರು ಸಿಕ್ಕಿಲ್ಲ. ಗಣಿತದ ಮೇಷ್ಟ್ರಿಗೆ ಅವಳಿ ಮಕ್ಕಳು ಹುಟ್ಟಿವೆ, ಲೆಕ್ಕ ತಾಳೆಯಾಗಿದೆ. ಸಂಕ್ರಾಂತಿ ಕಳೆದ ಶನಿವಾರ ಕಾಲೇಜು ದಿನ. ಬೆಳಿಗ್ಗೆ ಆಟೋಟ. ಮಧ್ಯಾಹ್ನ ಬಳ್ಳಾರಿಯಿಂದ ಬರುವ ಇನ್ಸ್‌ಪೆಕ್ಟರ್ ಸಾಹೇಬರ ಎದುರು ಸುಂಕಣ್ಣನಿಂದ ಮಾದರಿ ಪಾಠ. ಸಂಜೆ ಪೆದ್ದಣ್ಣ ಶೆಟ್ಟರ ವತಿಯಿಂದ ಊಟ. ಎಲ್ಲರೂ ಕೂಡಿ ಉಣ್ಣೋಣ."

ಸುಂಕಣ್ಣ ಅದೇ ಹೊತ್ತಿಗೆ ಬಂದ. ಅವನೂ ಹೊಳಗುಂದದವನೇ, ಆದರೆ ಊರಾಚೆಯ ಹರಿಜನ ಕೇರಿಯವನು. ಅವನ ತಾಯಿ ಉರುಕುಂದಮ್ಮ ಭೀಮಲಿಂಗಪ್ಪನ ಮನೆಯ ಹೊಲದಲ್ಲೇ ಕೂಲಿಗೆ ಬರುತ್ತಿದ್ದಳು. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಸುಂಕಣ್ಣ ಹಲಗೆಯನ್ನು ಪೂರ್ತಿ ಓದಿ, ಅವಳಿ ಮಕ್ಕಳ ಸಾಲಿಗೆ ನಕ್ಕು, ಕೊನೆಯ ಸಾಲಿನ ಹತ್ತಿರ ನಿಂತ.

"ಅಕ್ಷರ ಚೊಲೋ ಅದಾವ ಭೀಮಾ," ಎಂದ. "ಆದ್ರ ಹೋದ ವರ್ಷ ನನಗ ಬೇವಿನ ಗಿಡದ ಬುಡಕ್ಕ ಎಲಿ ಹಾಕಿದ್ರಿ. ನೀನೇ ಬಕೀಟು ತಂದು ಮ್ಯಾಲಿಂದ ನೀಡಿದಿ. ಆ 'ಎಲ್ಲರೂ' ಅನ್ನೋದನ್ನ ಒರಸಿಬಿಡು. ಸುಳ್ಳು ಬರಿಯೋ ಹಲಗಿ ಅಂತ ಹೆಸರು ಬರೋದು ಬ್ಯಾಡ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಭೀಮಲಿಂಗಪ್ಪನಿಗೆ ಹೆಚ್ಚು ಚುಚ್ಚಿತು. ಎತ್ತರದಿಂದ ಹಾಕಿದ ಲಾಡು ಎಲೆಯ ಮೇಲೆ ಬಿದ್ದು ಒಡೆದು ಹೋದದ್ದು, ಸುಂಕಣ್ಣ ಅದನ್ನು ಬೆರಳಿನಿಂದ ಕೂಡಿಸಿಕೊಂಡು ತಿಂದದ್ದು ಅವನಿಗೆ ನೆನಪಿತ್ತು. ಅವನು ಆ ಒಂದು ಪದವನ್ನು ಅಂಗೈಯಿಂದ ಒರೆಸಿದ. ಅಲ್ಲೊಂದು ಬಿಳಿ ಕಲೆ ಉಳಿಯಿತು.

"ಈ ಸಲ ನಾನು ಗಿಡದ ಬುಡಕ್ಕ ಕುಂದ್ರಂಗಿಲ್ಲ," ಎಂದ ಸುಂಕಣ್ಣ. "ಪಾಠ ಮಾಡೋ ತನಕ ಮೇಷ್ಟ್ರು, ಎಲಿ ಹಾಕೋ ಹೊತ್ತಿಗೆ ಹೊರಗಿನವ. ಆ ವೇಷ ನನಗ ಸಾಕಾಗೈತಿ. ಅವತ್ತು ನಾನು ಬರಾದೇ ಇಲ್ಲ."

ಬಾರದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕೋಸಗಿಯಲ್ಲಿ ಹೊಸ ಶಾಲೆ ತೆರೆಯುವುದಿತ್ತು. ಮಾದರಿ ಪಾಠ ನೋಡಿ ಇನ್ಸ್‌ಪೆಕ್ಟರು ಅಲ್ಲಿಗೊಬ್ಬ ಮೇಷ್ಟ್ರನ್ನು ಆರಿಸುವವರಿದ್ದರು. ಸುಂಕಣ್ಣ ಬಾರದಿದ್ದರೆ ಪಾಠ ಮಾಡುವ ಸರದಿ ಪಟ್ಟಿಯಲ್ಲಿ ಎರಡನೆಯವನದು. ಆ ಎರಡನೆಯವನು ಭೀಮಲಿಂಗಪ್ಪ. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ನೌಕರಿ ತಾನಾಗಿ ಮನೆ ಬಾಗಿಲಿಗೆ ಬರುತ್ತಿತ್ತು. ಅಂಥ ಯೋಚನೆ ಬರಲೇ ಇಲ್ಲವೆಂದರೆ ಸುಳ್ಳಾದೀತು. ಬಂತು, ಒಂದು ರಾತ್ರಿ ಅವನ ನಿದ್ದೆ ಕೆಡಿಸಿತು, ಬೆಳಿಗ್ಗೆ ಬೆಂಚಿನಲ್ಲಿ ಸುಂಕಣ್ಣನ ಪಕ್ಕ ಕೂತಾಗ ನಾಚಿಕೆಯಾಗಿ ಹೊರಟುಹೋಯಿತು.

ಅವನು ಪ್ರಿನ್ಸಿಪಾಲ್ ಶ್ರೀರಾಮುಲು ಮೇಷ್ಟ್ರ ಬಳಿಗೆ ಹೋದ. ಮೇಷ್ಟ್ರು ಒಳ್ಳೆಯವರು. ತರಗತಿಯಲ್ಲಿ ಎಲ್ಲರಿಗೂ ಒಂದೇ ಬೆಂಚು ಹಾಕಿಸಲು ಕಮಿಟಿಯವರ ಜೊತೆ ಜಗಳವಾಡಿದವರು. ಆದರೆ ಊಟ ತಮ್ಮದಲ್ಲ, ಶೆಟ್ಟರದು, ಅವರನ್ನೇ ಕೇಳು ಎಂದು ಕನ್ನಡಕ ಒರೆಸುತ್ತಾ ಕೂತರು. ಕಷ್ಟದ ಮಾತು ಬಂದಾಗಲೆಲ್ಲ ಅವರ ಕನ್ನಡಕಕ್ಕೆ ಧೂಳು ಹಿಡಿಯುತ್ತಿತ್ತು.

ಪೆದ್ದಣ್ಣ ಶೆಟ್ಟರು ಅಂಗಡಿಯಲ್ಲಿ ಹತ್ತಿಯ ಮೂಟೆಗೆ ಒರಗಿ ಕೂತಿದ್ದರು. ದೊಡ್ಡ ಹೊಟ್ಟೆ, ದೊಡ್ಡ ನಗು, ಯಾರ ಮನೆಯ ಮದುವೆಗೂ ಮೊದಲು ಹೋಗಿ ಕೊನೆಗೆ ಬರುವ ಮನುಷ್ಯ. ಭೀಮಲಿಂಗಪ್ಪ ತೊದಲುತ್ತಾ ಹೇಳಿದ್ದನ್ನು ಕೊನೆಯ ತನಕ ಕೇಳಿದರು.

"ಚೂಡು ನಾಯನಾ, ನೋಡಪ್ಪಾ," ಎಂದರು. "ಆ ಹುಡುಗನ ಮ್ಯಾಲೆ ನನಗೇನು ದ್ವೇಷ? ಅವನ ಪುಸ್ತಕಕ್ಕ ನಾನೇ ಸಹಾಯ ಮಾಡೀನಿ. ಆದ್ರ ಪಂಕ್ತಿ ಅನ್ನೋದು ನಾ ಮಾಡಿದ್ದಲ್ಲ. ನಮ್ಮ ತಾತನ ಕಾಲದಿಂದ ಬಂದೈತಿ. ಅಡಿಗಿಯವ್ರು ಸೌಟು ಬಿಸಾಕಿ ಹೋದ್ರ ಇನ್ನೂರು ಮಂದಿಗೆ ನಾನು ಏನು ಬಡಿಸ್ಲಿ? ಊರು ಬದಲಾಗಲಿ, ನಾನೂ ಬದಲಾಗ್ತೀನಿ."

ಮನುಷ್ಯ ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. ಭೀಮಲಿಂಗಪ್ಪ ಶೆಟ್ಟರು ಕೊಟ್ಟ ಬೆಲ್ಲ ತಿಂದು, ನೀರು ಕುಡಿದು, ತನ್ನ ಮೇಲೆ ತಾನೇ ಸಿಟ್ಟಾಗಿ ಎದ್ದು ಬಂದ.

ಆದಿತ್ಯವಾರ ಅವನು ಊರಿಗೆ ಹೋದ. ಜೋಳ ಹಾಲು ತುಂಬಿ ನಿಂತಿತ್ತು, ಹೊಲದಲ್ಲಿ ಅವತ್ತು ಸೀತನಿ. ಕುಣಿ ತೋಡಿ, ಕುಳ್ಳು ಹಾಕಿ, ಕೆಂಡದಲ್ಲಿ ಎಳೆಯ ತೆನೆ ಸುಟ್ಟರೆ ಅದರ ಪರಿಮಳಕ್ಕೆ ದಾರಿಹೋಕರೂ ಹೊಲಕ್ಕೆ ಇಳಿಯುತ್ತಾರೆ. ಉರುಕುಂದಮ್ಮ ಸುಡುಸುಡುವ ತೆನೆಯನ್ನು ಬರಿಗೈಯಿಂದ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಕಂಬಳಿಯ ನಡುವೆ ರಾಶಿ ಹಾಕುತ್ತಿದ್ದಳು. ಕಂಬಳಿಯ ಸುತ್ತ ಭೀಮಲಿಂಗಪ್ಪನ ಮನೆಯವರು, ಮಡಿಯ ವಿಷಯದಲ್ಲಿ ಬಲು ಬಿಗಿಯಾದ ದೊಡ್ಡಪ್ಪ, ಗುಡಿಯ ಪೂಜಾರಿ, ಎಲ್ಲರೂ ಒಂದೇ ರಾಶಿಗೆ ಕೈ ಹಾಕಿ ಶೇಂಗಾ ಚಟ್ನಿ, ಬೆಲ್ಲದ ಜೊತೆ ಬುಕ್ಕುತ್ತಿದ್ದರು.

ಭೀಮಲಿಂಗಪ್ಪ ಹುಟ್ಟಿದಾಗಿನಿಂದ ನೋಡಿದ್ದ ದೃಶ್ಯವೇ ಇದು. ಆದರೆ ಇವತ್ತು ಕಾಳು ತುಂಬಿದ ಅವನ ಮುಷ್ಟಿ ಬಾಯಿಯ ಹತ್ತಿರವೇ ನಿಂತಿತು.

"ಅವ್ವಾ, ಉರುಕುಂದಮ್ಮ ಮಾಡಿದ ರೊಟ್ಟಿ ದೊಡ್ಡಪ್ಪ ತಿಂತಾನೇನು?" ಎಂದು ತಾಯಿ ಜಂಬಮ್ಮನನ್ನು ಮೆಲ್ಲಗೆ ಕೇಳಿದ.

"ಅದೆಂಗ ತಿಂದಾನು?"

"ಮತ್ತ ಆಕಿ ತಿಕ್ಕಿದ ಸೀತನಿ?"

"ಸೀತನಿಗೆಲ್ಲಿ ಮೈಲಿಗಿ? ಕಂಬಳಿಗೆಲ್ಲಿ ಮೈಲಿಗಿ?" ಎಂದಳು ಜಂಬಮ್ಮ. ಹೇಳಿದ ಮೇಲೆ ಅವಳೇ ಉರುಕುಂದಮ್ಮನ ಕಡೆ ನೋಡಿ, "ಕೈ ಅಂತೂ ಅದೇ ಕೈ," ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಭೀಮಲಿಂಗಪ್ಪ ಗಾಡಿ ಸಿಕ್ಕ ಕೂಡಲೇ ಆದೋನಿಗೆ ಹೊರಟ. ಕಾಲೇಜು ದಿನಕ್ಕೆ ಪಂಕ್ತಿಯ ಊಟವೇ ಬೇಡ, ಸೀತನಿ ಇಡೋಣ, ಯಾರೂ ಬೇಡ ಎನ್ನುವ ಹಾಗಿಲ್ಲ ಎಂದು ಸುಂಕಣ್ಣನ ಎದುರು ಒಂದೇ ಉಸಿರಿಗೆ ಹೇಳಿದ. ಅವನು ಕುಣಿದಾಡುತ್ತಾನೆಂದು ಎಣಿಸಿದ್ದ. ಸುಂಕಣ್ಣ ಕುಣಿಯಲಿಲ್ಲ.

"ನಿಮ್ಮ ಹೊಲದಾಗ ನಮ್ಮವ್ವ ಎಲ್ಲಿ ಕುಂತು ತಿಂದ್ಲು, ನೋಡಿದೇನು?"

ಭೀಮಲಿಂಗಪ್ಪ ನೋಡಿರಲಿಲ್ಲ. ಈಗ ನೆನೆಸಿಕೊಂಡ. ಎಲ್ಲರೂ ಎದ್ದ ಮೇಲೆ ಉರುಕುಂದಮ್ಮ ತನ್ನ ಪಾಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬದುವಿನ ಆಚೆ ಹೋಗಿದ್ದಳು.

"ತಿಕ್ಕೋದಕ್ಕ ನಮ್ಮ ಕೈ ಬೇಕು, ಕಂಬಳಿ ಸುತ್ತ ನಾವು ಬ್ಯಾಡ," ಎಂದ ಸುಂಕಣ್ಣ. "ನಾ ಬರ್ತೀನಿ. ಪಾಠ ಮಾಡ್ತೀನಿ, ತೆನಿನೂ ತಿಕ್ತೀನಿ, ನನಗ ಬರ್ತೈತಿ. ತಿಕ್ಕಿದ ಮ್ಯಾಲೆ ಕುಂದ್ರಾಕ ಜಾಗ ಇರಬೇಕು. ನನಗೂ, ನಮ್ಮವ್ವಗೂ. ಇರಲಿಲ್ಲ ಅಂದ್ರ ಅಲ್ಲಿಂದ ಹಂಗೇ ಎದ್ದು ಹೋಗ್ತೀನಿ, ಇನ್ಸ್‌ಪೆಕ್ಟರು ನೋಡ್ತಿದ್ರೂ ಸೈ."

ಜಾಗ ಇರುತ್ತದೆ ಎಂದು ಭೀಮಲಿಂಗಪ್ಪ ಮಾತು ಕೊಟ್ಟ. ಕೊಟ್ಟು ಶೆಟ್ಟರ ಬಳಿ ಓಡಿದ. ಸೀತನಿ ಎಂದ ಕೂಡಲೇ ಶೆಟ್ಟರ ಕಣ್ಣು ಅರಳಿತು. ಪ್ಯಾಟಿ ಸೇರಿದ ಮೇಲೆ ಬಿಸಿ ಸೀತನಿ ಬಾಯಿಗೆ ಬಿದ್ದು ಎಷ್ಟೋ ವರ್ಷ ಆಯ್ತು, ಚಟ್ನಿ, ಬೆಲ್ಲ, ಕೊಬ್ಬರಿ ನನ್ನ ಲೆಕ್ಕ ಎಂದರು. ತೆನೆ ಯಾರು ತಿಕ್ಕಿದರೂ ತಮ್ಮದೇನೂ ಅಡ್ಡಿಯಿಲ್ಲ, ಸೀತನಿಗೆ ಎಲ್ಲಿ ಮೈಲಿಗೆ ಎಂದು ಅವರೂ ಅಂದರು. ತಿಕ್ಕಿದವರು ಆಮೇಲೆ ಎಲ್ಲಿ ಕೂರುತ್ತಾರೆ ಎನ್ನುವ ಮಾತು ಭೀಮಲಿಂಗಪ್ಪನ ನಾಲಿಗೆಯ ತುದಿಯ ತನಕ ಬಂದು ಅಲ್ಲೇ ಉಳಿಯಿತು. ನಮ್ಮ ಹುಡುಗನ ಧೈರ್ಯ ಅವತ್ತಿಗೆ ಅಷ್ಟೇ ಇತ್ತು.

ಶನಿವಾರ ಬಂತು. ಬೆಳಿಗ್ಗೆ ಹಗ್ಗ ಜಗ್ಗಾಟದಲ್ಲಿ ಹಗ್ಗವೇ ಹರಿದು ಎರಡು ತಂಡವೂ ಬಿದ್ದವು, ಬಹುಮಾನವನ್ನು ಎರಡಕ್ಕೂ ಹಂಚಬೇಕಾಯಿತು. ಮಧ್ಯಾಹ್ನ ಸುಂಕಣ್ಣ ಪಾಠಕ್ಕೆ ನಿಂತ. ಜಂಬಮ್ಮ ಗಾಡಿಯಲ್ಲಿ ತೆನೆಯ ಜೊತೆ ತಂದಿದ್ದ ಕಂಬಳಿಯನ್ನೇ ಪಾಠಕ್ಕೆಂದು ಪಕ್ಕದ ಶಾಲೆಯಿಂದ ಕರೆತಂದಿದ್ದ ಮಕ್ಕಳ ಎದುರು ಹರಡಿ, ಕುರಿಯ ಮೈಮೇಲಿನ ಉಣ್ಣೆ ಹೇಗೆ ನಮ್ಮ ಹೆಗಲಿಗೆ ಬಂತು ಎಂದು ಅವರಿಂದಲೇ ಹೇಳಿಸಿದ. ಒಬ್ಬ ಪೋರ ಕುರಿಯಂತೆ ಅರಚಿ ಉಣ್ಣೆ ಕತ್ತರಿಸಿಕೊಳ್ಳಲು ಬಗ್ಗಿದಾಗ ಇನ್ಸ್‌ಪೆಕ್ಟರು ಹೊಟ್ಟೆ ಹಿಡಿದು ನಕ್ಕರು. ಪಾಠ ಮುಗಿದ ಮೇಲೆ ಕೋಸಗಿಯ ಹೆಸರೆತ್ತಿ, ಜೂನ್ ತಿಂಗಳಿಗೆ ತಯಾರಾಗು ಎಂದು ಸುಂಕಣ್ಣನಿಗೆ ಎಲ್ಲರೆದುರೇ ಹೇಳಿದರು. ರೈಲಿನ ಹೊತ್ತಾಗಿತ್ತು, ಕುಣಿಯಿಂದ ಆಗಷ್ಟೇ ತೆಗೆದ ಒಂದು ಹಿಡಿ ಸೀತನಿಯನ್ನು ಕರವಸ್ತ್ರದಲ್ಲಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಹೊರಟರು.

ನೌಕರಿ ಆಯಿತು. ಜಾಗ ಇನ್ನೂ ಆಗಿರಲಿಲ್ಲ.

ಅದೇ ಕಂಬಳಿಯ ಪಕ್ಕ ಇನ್ನೂ ಕೆಲವು ಕಂಬಳಿ ಸೇರಿಸಿ ಅಂಗಳದಲ್ಲಿ ಹಾಸಿದರು. ಸುಂಕಣ್ಣ ಮತ್ತು ಊರಿನಿಂದ ಬಂದಿದ್ದ ಉರುಕುಂದಮ್ಮ ತಿಕ್ಕಿ ತಿಕ್ಕಿ ರಾಶಿ ಹಾಕಿದರು. ಶೆಟ್ಟರು ನಡುವೆ ಆಸನ ಹಾಕಿ ಕೂತು ಪ್ರತಿ ಮುಷ್ಟಿಗೂ ಕಣ್ಣು ಮುಚ್ಚಿಕೊಂಡು ಬುಕ್ಕತೊಡಗಿದರು. ಮೇಷ್ಟ್ರುಗಳು, ಹುಡುಗರು, ಬೀದಿಯವರು ಒತ್ತೊತ್ತಾಗಿ ಸುತ್ತುಗಟ್ಟಿದರು. ಕೊನೆಯ ತೆನೆ ತಿಕ್ಕಿ ಸುಂಕಣ್ಣ ಕೈ ಕೊಡವಿಕೊಂಡು ಎದ್ದು ನಿಂತಾಗ ಸುತ್ತಿನಲ್ಲಿ ಒಂದು ಅಂಗೈ ಅಗಲದ ಜಾಗವೂ ಇರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಯಾರಿಗೂ ತೋಚಿಯೇ ಇರಲಿಲ್ಲ, ಅಷ್ಟೆ.

ಸುಂಕಣ್ಣ ಭೀಮಲಿಂಗಪ್ಪನನ್ನು ನೋಡಿದ. ತಾಯಿಯ ಕಡೆ ತಿರುಗಿ, ಹೋಗೋಣ ಎನ್ನುವಂತೆ ತಲೆಯಾಡಿಸಿದ.

ಜಾಗದ ಮಾತು ಕೊಟ್ಟವನು ಭೀಮಲಿಂಗಪ್ಪ. ಮಾತಾಡಲು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಮಾತು ಬಾರದ್ದಕ್ಕೆ ಅವನು ಎದ್ದ. ಕೈಯಲ್ಲಿದ್ದ ಕಾಳನ್ನು ರಾಶಿಗೆ ಹಾಕಿ, ಸುತ್ತಿನಿಂದ ಹೊರಗೆ ಬಂದು ಸುಂಕಣ್ಣನ ಪಕ್ಕ ನಿಂತ. ಅವನ ಬೆಂಚಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಎದ್ದರು. ಶ್ರೀರಾಮುಲು ಮೇಷ್ಟ್ರು ಕನ್ನಡಕಕ್ಕೆ ಕೈ ಹಾಕಿ, ಒರೆಸದೆ ಹಾಗೇ ಬಿಟ್ಟು, ಎದ್ದರು. ಅವರು ಎದ್ದ ಮೇಲೆ ಉಳಿದವರು ಕೂರುವುದು ಹೇಗೆ? ನೋಡನೋಡುತ್ತಾ ಎಲ್ಲರೂ ಎದ್ದಿದ್ದರು.

ಪೆದ್ದಣ್ಣ ಶೆಟ್ಟರು ಕಣ್ಣು ಬಿಟ್ಟಾಗ ಅಷ್ಟಗಲದ ಕಂಬಳಿಯ ಮೇಲೆ ತಾವೊಬ್ಬರೇ, ಎದುರಿಗೆ ಸೀತನಿಯ ರಾಶಿ, ಸುತ್ತ ನಿಂತ ಇಡೀ ಕಾಲೇಜು. ಅವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಬಾಯಲ್ಲಿದ್ದದ್ದನ್ನು ನುಂಗಿದರು. ಸುಂಕಣ್ಣನ ಕೆಂಪಾದ ಅಂಗೈಗಳನ್ನು ನೋಡಿದರು, ತಮ್ಮ ಕೈಯೊಳಗಿನ ಹಸಿರು ಕಾಳನ್ನು ನೋಡಿದರು.

"ಒಬ್ಬನ್ನೇ ಕುಂದ್ರಿಸಿ ತಿನ್ನಿಸಿದ್ರ ನನಗ ಜೀರ್ಣ ಆಗಾದಿಲ್ಲ ನಾಯನಾ," ಎಂದರು ಕೊನೆಗೆ. ಆ ದೊಡ್ಡ ಮೈಯನ್ನು ಕಷ್ಟಪಟ್ಟು ಒಂದು ಕಡೆ ಸರಿಸಿ, ಪಕ್ಕದ ಕಂಬಳಿಯನ್ನು ಅಂಗೈಯಿಂದ ತಟ್ಟಿದರು. "ಬಾ ಸುಂಕಣ್ಣ ಮೇಷ್ಟ್ರೇ, ಇಲ್ಲಿ ಕುಂದ್ರು. ನೀ ಕುಂತ್ರ ಇವ್ರೆಲ್ಲಾ ಕುಂದ್ರತಾರ."

ಸುಂಕಣ್ಣ ಕೂರಲಿಲ್ಲ. "ನಮ್ಮವ್ವ?" ಎಂದ.

ಉರುಕುಂದಮ್ಮ ಆಗಲೇ ಸೆರಗಿನಲ್ಲಿ ಪಾಲು ಕಟ್ಟಿಕೊಳ್ಳುತ್ತಿದ್ದಳು. ಜಂಬಮ್ಮ ಹೋಗಿ ಆ ಗಂಟನ್ನು ತಾನೇ ಬಿಚ್ಚಿ, ಕಾಳನ್ನು ರಾಶಿಗೆ ಸುರಿದು, ಅವಳ ಕೈ ಹಿಡಿದಳು. ಹೊಲದಲ್ಲಿ ಇಷ್ಟು ವರ್ಷ ಜೊತೆಗೆ ದುಡಿದರೂ ಆ ಕೈಯನ್ನು ಹಿಡಿದದ್ದು ಅದೇ ಮೊದಲು. "ಎಷ್ಟು ಸುಟ್ಟೈತೆ ಯವ್ವಾ," ಎಂದಳು, ಹಾಗೇ ಹಿಡಿದು ತಂದು ತನ್ನ ಪಕ್ಕ ಕೂರಿಸಿಕೊಂಡಳು. ಆಮೇಲೆ ಸುಂಕಣ್ಣ ಕೂತ, ಆಮೇಲೆ ಎಲ್ಲರೂ ಕೂತರು. ಒಂದಿಬ್ಬರು ಕೆಲಸದ ನೆಪ ಹೇಳಿ ಮನೆಗೆ ಹೋದದ್ದೂ ನಿಜ. ಅವರ ಪಾಲನ್ನೂ ಶೆಟ್ಟರೇ ತಿಂದರು.

ಸೋಮವಾರ ಬೆಳಿಗ್ಗೆ ಭೀಮಲಿಂಗಪ್ಪ ಹಲಗೆಯ ಮುಂದೆ ನಿಂತು ಹೊಸ ಸುದ್ದಿ ಬರೆದ. ಹಗ್ಗ ಹರಿದದ್ದು, ಕುರಿಯಾದ ಪೋರನದು, ಕೋಸಗಿಗೆ ಹೊರಡಲಿರುವ ಹೊಸ ಮೇಷ್ಟ್ರದು. ಕೊನೆಯಲ್ಲಿ, "ಸಂಜೆ ಸೀತನಿ. ಕೂಡಿ ತಿಂದರು" ಎಂದು ಬರೆದು, ನಡುವೆ ಒಂದು ಪದದಷ್ಟು ಜಾಗ ಬಿಟ್ಟು, ಸುಣ್ಣದ ಕಡ್ಡಿಯನ್ನು ಸುಂಕಣ್ಣನ ಕೈಗೆ ಕೊಟ್ಟ.

ಸುಂಕಣ್ಣ ಅದನ್ನು ಬೆರಳಲ್ಲಿ ತಿರುಗಿಸಿದ. ಅವನ ಅಂಗೈಯ ಬೊಬ್ಬೆ ಇನ್ನೂ ಆರಿರಲಿಲ್ಲ. ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ಏನು ಬರೀತೀರಿ, ಜೋರಾಗಿ ಓದ್ರಪ್ಪಾ ಎಂದು ಕೇಳಿದ. ಸುಂಕಣ್ಣ ಖಾಲಿ ಜಾಗದಲ್ಲಿ 'ಎಲ್ಲರೂ' ಎಂದು ದಪ್ಪಗೆ ಬರೆದು, ಗಾಡಿಯವನಿಗೆ ಅದನ್ನು ಓದಿ ಹೇಳಿದ.